ಹತ್ತೊಂಬತ್ತನೇ ಸಾಲಿನ ಎರಡು ಅಳತೆ

ಕಳೆದ ವರ್ಷ ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಕೊಪ್ಪಳದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಹದಿನಾರು ವಿದ್ಯಾರ್ಥಿನಿಯರಿಗೆ ಜೀವಸಂಖ್ಯಾಶಾಸ್ತ್ರದ ಮೊದಲ ಪಾಠ ಮಾಡಿದೆ. ನನ್ನದು ಅತಿಥಿ ಉಪನ್ಯಾಸಕನ ಕೆಲಸ, ವಾರಕ್ಕೆ ಮೂರು ತರಗತಿ. ಓದಿದ್ದು ಸಂಖ್ಯಾಶಾಸ್ತ್ರವಾದರೂ ಈ ಕೆಲಸಕ್ಕೂ ಮೊದಲು ಹನ್ನೆರಡು ವರ್ಷ ಒಂದು ದಿನಪತ್ರಿಕೆಗೆ ಇದೇ ಜಿಲ್ಲೆಯಿಂದ ಸುದ್ದಿ ಬರೆದಿದ್ದೆ.

ವಿದ್ಯಾರ್ಥಿನಿಯರೆಲ್ಲ ಆಗಲೇ ನರ್ಸುಗಳು. ಡಿಪ್ಲೊಮಾ ಮುಗಿಸಿ, ಪದವಿಗಾಗಿ ಮತ್ತೆರಡು ವರ್ಷ ಓದಲು ಬಂದವರು. ಅದು ಅವರ ಕೊನೆಯ ವರ್ಷ.

"ಸರ್, ಗಣಿತ ಬ್ಯಾಡಂತ ನಾವು ನರ್ಸಿಂಗಿಗೆ ಬಂದೀವ್ರಿ," ಎಂದು ಮೊದಲ ಸಾಲಿನ ಹುಡುಗಿ ಹೇಳಿದಳು.

"ನೀ ಬಂದಿ, ಅದೂ ನಿನ್ನ ಬೆನ್ನಹತ್ತಿ ಬಂತು," ಎಂದಳು ಪಕ್ಕದವಳು.

ಪಠ್ಯಪುಸ್ತಕ ತೆರೆಯಲಿಲ್ಲ. ಪಕ್ಕದವರ ನಾಡಿ ಹಿಡಿದು ನಿಮಿಷಕ್ಕೆ ಎಷ್ಟು ಬಡಿತ ಎಂದು ಬರೆಯಲು ಹೇಳಿದೆ. ಹದಿನಾರು ಅಂಕಿಗಳನ್ನು ಹಲಗೆಯ ಮೇಲೆ ಬರೆದೆ. ಹದಿನಾರೂ ಸಮಸಂಖ್ಯೆ. ಇದು ಹೇಗೆ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಎಲ್ಲರಿಗಿಂತ ಹಿರಿಯರಾದ ಒಬ್ಬರು ಕೂತಲ್ಲಿಂದಲೇ ಹೇಳಿದರು:

"ಅರ್ಧಾ ನಿಮಿಷ ಎಣಿಸಿ ಡಬಲ್ ಮಾಡೀವ್ರಿ ಸರ್. ವಾರ್ಡಿನ್ಯಾಗ ಪೂರಾ ಒಂದು ನಿಮಿಷ ಯಾರಿಗೈತ್ರಿ?"

ಎಲ್ಲರೂ ನಕ್ಕರು. ಒಂದು ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಮೊದಲು ಅದು ಹೇಗೆ ಬಂತು ಎಂದು ಕೇಳಬೇಕು ಎಂದು ಹೇಳಿ ಅಂದಿನ ಪಾಠ ಮುಗಿಸಿದೆ.

ಆ ಹಿರಿಯರಿಗೆ ನಲವತ್ತರ ಹತ್ತಿರ ವಯಸ್ಸು. ಯಲಬುರ್ಗಾ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ತರಗತಿಯ ಹುಡುಗಿಯರು ಅವರನ್ನು ಅಕ್ಕಾರ ಎನ್ನುತ್ತಿದ್ದರು. ನಾನು ಸಿಸ್ಟರ್ ಎನ್ನುತ್ತಿದ್ದೆ. ಇಲಾಖೆಯಿಂದ ಎರಡು ವರ್ಷದ ಅಧ್ಯಯನ ರಜೆ ಪಡೆದು ಬಂದಿದ್ದರು. ರಜೆ ಮೇ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಸಂಶೋಧನಾ ಪ್ರಬಂಧ ಸಲ್ಲಿಸಿ, ಪರೀಕ್ಷೆ ಬರೆದು, ಮೌಖಿಕ ಪರೀಕ್ಷೆಯನ್ನೂ ಮುಗಿಸಬೇಕು. ಇಲ್ಲದಿದ್ದರೆ ಪದವಿ ಇಲ್ಲದೆ ಹಳೆಯ ಹುದ್ದೆಗೆ ಮರಳಬೇಕು. ರಜೆ ಎರಡನೇ ಸಲ ಸಿಗುವುದಿಲ್ಲ ಎಂದು ಆದೇಶದಲ್ಲಿಯೇ ಇತ್ತು. ಅದರ ಪ್ರತಿಯನ್ನು ಅವರು ನೋಟ್‌ಬುಕ್ಕಿನ ಹೊದಿಕೆಯೊಳಗೆ ಇಟ್ಟುಕೊಂಡಿದ್ದರು.

ಅವರು ಆರಿಸಿಕೊಂಡ ವಿಷಯ ಸರಳವಾಗಿತ್ತು. ಬಸುರಿಯರಿಗೆ ಆಸ್ಪತ್ರೆಯಿಂದ ಕಬ್ಬಿಣಾಂಶದ ಗುಳಿಗೆ ಕೊಡುತ್ತಾರೆ. ಬಹಳಷ್ಟು ಜನ ಅದನ್ನು ನುಂಗುವುದಿಲ್ಲ. ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಗುಳಿಗೆ ನುಂಗಿದ ದಿನ ಅದರ ಮೇಲೆ ಗೆರೆ ಎಳೆಯಲು ಹೇಳಿದರೆ ರಕ್ತದ ಪ್ರಮಾಣ, ಅಂದರೆ ಬಸುರಿಯರಲ್ಲಿ ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್, ಏರುತ್ತದೆಯೇ? ನವೆಂಬರಿನಲ್ಲಿ ಒಂದು ಅಳತೆ, ಜನವರಿ ಕೊನೆಗೆ ಇನ್ನೊಂದು. ಅವರ ಕೇಂದ್ರಕ್ಕೆ ಸೇರಿದ ಒಂದೇ ಊರು, ಇಪ್ಪತ್ತನಾಲ್ಕು ಬಸುರಿಯರು, ಎಲ್ಲರೂ ನಾಲ್ಕು ಐದು ತಿಂಗಳವರು.

ನಮೂನೆ ತಯಾರಿಸುವ ದಿನ ನಾನು ತರಗತಿಯಲ್ಲಿ ಹೇಳಿದ ಮಾತು ನನ್ನ ಪಾಠದ ಟಿಪ್ಪಣಿಯಲ್ಲಿ ಈಗಲೂ ಇದೆ. ಸಂಶೋಧನೆಯ ಹಾಳೆಯಲ್ಲಿ ಯಾರ ಹೆಸರನ್ನೂ ಬರೆಯಬಾರದು. ಹೆಸರಿನ ಬದಲು ಸಂಖ್ಯೆ ಬರೆಯಬೇಕು.

"ಯಾವ ಸಂಖ್ಯೆ ಹಾಕೋಣ್ರಿ ಸರ್?" ಎಂದು ಸಿಸ್ಟರ್ ಕೇಳಿದರು.

"ಮನಿಗೊಂದು ನಂಬರ್ ಹಾಕ್ರಿ," ಎಂದೆ.

ಜನವರಿ ಕೊನೆಗೆ ಎರಡನೇ ಅಳತೆಯೂ ಮುಗಿಯಿತು. ಫೆಬ್ರವರಿ ಮೊದಲ ವಾರ ಅವರು ಇಪ್ಪತ್ತನಾಲ್ಕು ಸಾಲುಗಳ ಪಟ್ಟಿ ತಂದರು. ತರಗತಿಯಲ್ಲಿ ಆಗ ಜೋಡಿ ಅಳತೆಯ ಪಾಠ ನಡೆಯುತ್ತಿತ್ತು. ಒಬ್ಬರದೇ ಮೊದಲಿನ ಅಂಕಿ ಮತ್ತು ನಂತರದ ಅಂಕಿ ಇದ್ದಾಗ ಎರಡು ಗುಂಪಿನ ಸರಾಸರಿಗಳನ್ನು ಬೇರೆ ಬೇರೆ ತೆಗೆಯುವ ಅಗತ್ಯವಿಲ್ಲ. ಒಬ್ಬೊಬ್ಬರಲ್ಲೂ ಎಷ್ಟು ವ್ಯತ್ಯಾಸವಾಯಿತು ಎಂದು ನೋಡಿ, ಆ ವ್ಯತ್ಯಾಸಗಳ ಸರಾಸರಿ ತೆಗೆಯಬೇಕು. ಒಬ್ಬಳು ಎತ್ತರ, ಒಬ್ಬಳು ಗಿಡ್ಡ, ಒಬ್ಬಳು ಹೊಟ್ಟೆ ತುಂಬ ಉಣ್ಣುವವಳು, ಒಬ್ಬಳು ಅರೆಹೊಟ್ಟೆ. ತನ್ನೊಂದಿಗೆ ತನ್ನನ್ನೇ ಹೋಲಿಸಿದಾಗ ಈ ಭೇದಗಳೆಲ್ಲ ಕಳೆದುಹೋಗುತ್ತವೆ. ಉದಾಹರಣೆಗೆ ಹತ್ತೊಂಬತ್ತನೇ ಸಾಲನ್ನು ಹಲಗೆಯ ಮೇಲೆ ಬರೆದೆ. ನವೆಂಬರಿನಲ್ಲಿ ಏಳು ಪಾಯಿಂಟ್ ಎಂಟು, ಪಟ್ಟಿಯಲ್ಲೇ ಎಲ್ಲಕ್ಕಿಂತ ಕಡಿಮೆ. ಜನವರಿಯಲ್ಲಿ ಹತ್ತು ಪಾಯಿಂಟ್ ಒಂಬತ್ತು. ಏರಿಕೆ ಮೂರು ಪಾಯಿಂಟ್ ಒಂದು.

"ಭಾಳ ಛಲೋ ಏರೇತಿ," ಎಂದು ಹುಡುಗಿಯರು ಬರೆದುಕೊಂಡರು.

ಉಳಿದ ಲೆಕ್ಕವನ್ನು ಮಾಡಿ ತರಲು ಸಿಸ್ಟರಿಗೆ ಹೇಳಿ, ಪಟ್ಟಿಯ ಒಂದು ಪ್ರತಿಯನ್ನು ನಾನೂ ತೆಗೆದುಕೊಂಡು ಹೋದೆ. ಸುದ್ದಿಯಲ್ಲಿ ಬಂದ ಪ್ರತಿ ಅಂಕಿಯನ್ನೂ ಅಚ್ಚಿಗೆ ಹೋಗುವ ಮುನ್ನ ಇನ್ನೊಂದು ಅಂಕಿಯೊಂದಿಗೆ ತಾಳೆ ನೋಡುವುದು ಹಳೆಯ ರೂಢಿ. ನಮೂನೆಯಲ್ಲಿ ಎತ್ತರದ ಕಾಲಂ ಕೂಡ ಇತ್ತು. ತಪಾಸಣೆಯಲ್ಲಿ ಬಸುರಿಯರ ತೂಕ, ಎತ್ತರ ಎರಡನ್ನೂ ನೋಡುವ ಅಭ್ಯಾಸದಿಂದ ಸಿಸ್ಟರ್ ಎರಡು ಸಲವೂ ಅಳೆದಿದ್ದರು. ಹತ್ತೊಂಬತ್ತನೇ ಸಾಲಿನಲ್ಲಿ ನವೆಂಬರಿನ ಎತ್ತರ ನೂರಾ ನಲವತ್ತಾರು ಸೆಂಟಿಮೀಟರ್. ಜನವರಿಯದು ನೂರಾ ಐವತ್ತಮೂರು. ಪಟ್ಟಿಯಲ್ಲಿ ಇಂಥ ಸಾಲುಗಳು ಏಳು.

ಮರುದಿನ ತರಗತಿಯಲ್ಲಿ ಇದನ್ನು ಕೇಳಿದೆ.

"ಗುಳಿಗಿ ನುಂಗಿ ಉದ್ದ ಆಗ್ಯಾಳ್ರಿ ಸರ್!" ಎಂದಳು ಮೊದಲ ಸಾಲಿನ ಹುಡುಗಿ. "ನನಗೂ ಒಂದು ಪಾಕೀಟು ಕೊಡ್ರಿ ಅಕ್ಕಾರ."

"ನೀ ಅಡ್ಡ ಬೆಳದೀಯವಾ, ನಿನಗ ಆ ಗುಳಿಗಿ ತಾಗಂಗಿಲ್ಲ," ಎಂದರು ಸಿಸ್ಟರ್. ನಗು ಮುಗಿದ ಮೇಲೆ ನನ್ನ ಕಡೆ ತಿರುಗಿ, ಏನೂ ಅಲ್ಲದ ಸಂಗತಿಯೆಂಬಂತೆ ಹೇಳಿದರು: "ಅದು ಬ್ಯಾರೆ ಹೆಣ್ಮಗಳ್ರಿ ಸರ್. ನವೆಂಬರ್‌ದಾಗ ನೋಡಿದಾಕಿ ಆ ಮನಿ ಸೊಸಿ. ಚೊಚ್ಚಲ ಬಸುರಿ. ಕುಬಸ ಆತು, ತವರಿಗೆ ಹೋದ್ಲು. ಜನವರಿಯಾಗ ನೋಡಿದಾಕಿ ಆ ಮನಿ ಮಗಳು. ಗಂಡನ ಮನಿಯಿಂದ ಹೆರಿಗೆಗೆ ಬಂದಾಳ."

ಏಳೂ ಹಾಗೆಯೇ. ಮೊದಲ ಹೆರಿಗೆಗೆ ಸೊಸೆಯರು ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಊರು ಬಿಡುತ್ತಾರೆ. ಊರಿನ ಹೆಣ್ಣುಮಕ್ಕಳು ಅದೇ ಕಾರಣಕ್ಕೆ ಊರಿಗೆ ಬರುತ್ತಾರೆ. ಎರಡು ಸಾಲುಗಳಲ್ಲಿ ಸೊಸೆಯ ಜಾಗಕ್ಕೆ ಅದೇ ಮನೆಯ ಮಗಳು ಬಂದಿದ್ದಳು. ಉಳಿದ ಐದರಲ್ಲಿ ಅದೇ ಓಣಿಯ ಅಣ್ಣತಮ್ಮಂದಿರ ಮನೆಗೆ ಬಂದ ಬಸುರಿಯನ್ನು ಸೇರಿಸಿಕೊಂಡಿದ್ದರು.

"ಊರಾಗಿನ ಬಸುರ್ಯಾರ ರಕ್ತ ಏರಿತೋ ಇಲ್ಲೋ, ಅದನ್ನ ನೋಡಬೇಕಿತ್ತಲ್ರಿ? ಇಪ್ಪತ್ನಾಕು ಮಂದಿ ಅಂದಿದ್ರಿ, ಇಪ್ಪತ್ನಾಕು ಅದಾರ. ತಾಯಿ ಕಾರ್ಡಿನ್ಯಾಗ ಆದ್ರ ಹೆಸರು ಇರತೈತ್ರಿ. ಇಲ್ಲಿ ಹೆಸರು ಬರೀಬ್ಯಾಡ್ರಿ, ಮನಿ ನಂಬರ್ ಹಾಕ್ರಿ ಅಂತ ನೀವ ಹೇಳಿದ್ರಿ."

ಹೌದು, ಹೇಳಿದ್ದೆ. ಅದನ್ನು ತರಗತಿಯ ಎದುರೇ ಒಪ್ಪಿಕೊಂಡೆ. ಮನೆಗಲ್ಲ, ಹೆಂಗಸಿಗೆ ಸಂಖ್ಯೆ ಕೊಡಬೇಕಿತ್ತು. ಹೊಸದಾಗಿ ಬಂದ ಏಳು ಮಂದಿ ಹಾಳೆಯ ಮೇಲೆ ಗೆರೆ ಎಳೆದವರೇ ಅಲ್ಲ. ಹೆಚ್ಚಿನವರು ಗಂಗಾವತಿ ಕಡೆಯ ನೀರಾವರಿ ಊರುಗಳಿಂದ ಬಂದವರು, ಅವರ ರಕ್ತ ಮೊದಲೇ ಚೆನ್ನಾಗಿತ್ತು. ಪಟ್ಟಿಯಲ್ಲಿ ಕಂಡ ಏರಿಕೆಯ ಬಹುಪಾಲು ಈ ಏಳು ಸಾಲುಗಳದು. ಈ ಪಟ್ಟಿಯಿಂದ ಏನನ್ನೂ ಹೇಳಲು ಬರುವುದಿಲ್ಲ ಎಂದು ತಿಳಿಸಿದೆ.

ಸಿಸ್ಟರ್ ಪಟ್ಟಿಯನ್ನು ನೋಡುತ್ತ ಕೂತರು. ಪ್ರಬಂಧ ಸಲ್ಲಿಸಲು ಏಪ್ರಿಲ್ ಕೊನೆಯವರೆಗೆ ಸಮಯವಿತ್ತು.

"ಅಕ್ಕಾರ, ಎತ್ತರದ ಕಾಲಂ ತಗದು ಒಗೀರಿ," ಎಂದಳು ಪಕ್ಕದ ಹುಡುಗಿ, ದನಿ ತಗ್ಗಿಸಿ, ಆದರೆ ನನಗೂ ಕೇಳುವಂತೆ. "ಯಾರು ನೋಡ್ತಾರ?"

"ಕಾಲಂ ತಗದ್ರ ಹೋದಾಕಿ ತಿರುಗಿ ಬರ್ತಾಳೇನವಾ?" ಎಂದರು ಸಿಸ್ಟರ್. ಆಮೇಲೆ ನನ್ನನ್ನು ಕೇಳಿದರು, "ತವರಿಗೆ ಹೋಗಿ ನೋಡಿ ಬಂದ್ರ ನಡಿತೈತೇನ್ರಿ ಸರ್? ಇನ್ನೂ ಹಡೆದಿರಂಗಿಲ್ಲ."

ನಡೆಯುತ್ತದೆ ಎಂದೆ. ಹೆರಿಗೆಗೆ ಮೊದಲೇ ಅಳೆಯಬೇಕು. ಹೆರಿಗೆಯಾದರೆ ರಕ್ತ ಹೋಗಿರುತ್ತದೆ, ಆ ಅಂಕಿ ಲೆಕ್ಕಕ್ಕೆ ಬಾರದು.

ಊರಿನ ಆಶಾ ಕಾರ್ಯಕರ್ತೆ ಏಳು ತವರೂರುಗಳ ಹೆಸರನ್ನು ಫೋನಿನಲ್ಲಿ ಹೇಳಿದಳು. ಕುಷ್ಟಗಿ ತಾಲ್ಲೂಕಿನಲ್ಲಿ ಎರಡು, ಕೊಪ್ಪಳ ದಾಟಿ ಮುನಿರಾಬಾದ್ ಕಡೆಗೆ ಎರಡು, ಗಂಗಾವತಿ ಸುತ್ತ ಎರಡು, ಕೊನೆಯದು ವಿರೂಪಾಪುರಗಡ್ಡೆ. ವಾರದ ದಿನಗಳಲ್ಲಿ ಸಿಸ್ಟರಿಗೆ ತರಗತಿ ಮತ್ತು ವಾರ್ಡಿನ ಕೆಲಸ. ನಾಲ್ಕು ಭಾನುವಾರ ಎಂದು ಗೊತ್ತುಮಾಡಿದೆವು. ಅಳೆದಾಗ ಎರಡನೆಯ ವ್ಯಕ್ತಿ ಸಾಕ್ಷಿಯಾಗಿ ಇರಲಿ ಎಂದು ನಾನೂ ಹೋಗುವುದಾಗಿ ಹೇಳಿದೆ. ಯಾವ ಊರು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಬರೆದದ್ದೂ ನಾನೇ.

ಬರೆಯುತ್ತಿದ್ದಾಗ ಸಿಸ್ಟರ್ ಕೇಳಿದರು: "ಹತ್ತೊಂಬತ್ತು ಮೊದಲು ಮಾಡೂಣೇನ್ರಿ ಸರ್? ಆಕಿದು ಕಮ್ಮಿ ಐತಿ. ಆವಾಗ ದೊಡ್ಡ ದವಾಖಾನಿಗೆ ಚೀಟಿ ಬರದು ಕೊಟ್ಟಿದ್ದೆ. ತವರಾಗ ತೋರಸ್ತಾರ ಅಂದಿದ್ಲು ಅತ್ತಿ."

ಹತ್ತೊಂಬತ್ತು ಎಂದರೆ ವಿರೂಪಾಪುರಗಡ್ಡೆಯವಳು. ನಾನು ಕೊಟ್ಟ ಉತ್ತರ ಇದು: "ಕಮ್ಮಿ ಇದ್ದವ್ರನ್ನ ಮೊದಲು, ಛಲೋ ಇದ್ದವ್ರನ್ನ ಆಮ್ಯಾಲೆ ನೋಡಿದ್ರ ಅಳತಿ ಒಂದು ಕಡಿಗೆ ವಾಲತೈತಿ ಸಿಸ್ಟರ್. ಅಂಕಿ ನೋಡಿ ಕ್ರಮ ಮಾಡಬಾರದು. ಬಸ್ಸಿನ ದಾರಿ ಹೆಂಗೈತಿ ಹಂಗ ಹೋಗೂಣು."

ಪಾಠದ ಪ್ರಕಾರ ಅದು ಸರಿಯಾದ ಉತ್ತರ. ಸಿಸ್ಟರ್ ಆ ಕಡೆಯ ಆಶಾ ಕಾರ್ಯಕರ್ತೆಗೆ ಅಂದೇ ಫೋನ್ ಮಾಡಿದರು. ಹುಡುಗಿ ಅಡ್ಡಾಡಿಕೊಂಡು, ಉಂಡುಕೊಂಡು ಆರಾಮ ಇದ್ದಾಳೆ ಎಂಬ ಉತ್ತರ ಬಂತು. ಆಮೇಲೆ ಇಬ್ಬರೂ ಮತ್ತೆ ವಿಚಾರಿಸಲಿಲ್ಲ.

ಫೆಬ್ರವರಿ ಮೂರನೇ ಭಾನುವಾರ ಕುಷ್ಟಗಿ ಬಸ್ ಹಿಡಿದೆವು. ಮೊದಲ ಮನೆಯಲ್ಲಿ ತಂದೆ ಟೇಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. "ಬರ್ರಿ ಆಪಾ, ಕೂಡ್ರಿ," ಎಂದು ಹೊಲಿಗೆ ಯಂತ್ರದ ಸ್ಟೂಲನ್ನೇ ಸಿಸ್ಟರಿಗೆ ಕೊಟ್ಟರು. ಮಗಳು ಹೊರಗೆ ಬಂದಳು. ಸಿಸ್ಟರ್ ಗೋಡೆಗೆ ನಿಲ್ಲಿಸಿ ಮೊದಲು ಎತ್ತರ ಅಳೆದರು. ನವೆಂಬರಿನಷ್ಟೇ ಇತ್ತು. ಆಮೇಲೆ ಬೆರಳಿಗೆ ಚುಚ್ಚಿ, ರಕ್ತ ಅಳೆಯುವ ಕೈಮೀಟರಿನ ಸ್ಟ್ರಿಪ್ಪಿಗೆ ಒಂದು ಹನಿ ಬಿಟ್ಟರು.

"ಎತ್ತರ ಯಾಕ್ರಿ ಆಪಾ, ಪೊಲೀಸ್ ಕೆಲಸಕ್ಕ ಹಾಕ್ತೀರೇನು?" ಎಂದರು ಟೇಲರ್.

"ಹಾಕ್ತೀನ್ರಿ. ಸಮವಸ್ತ್ರ ನೀವ ಹೊಲೀರಿ."

ಅಂದು ಎರಡು ಅಳತೆ ಆದವು. ಮುಂದಿನ ಭಾನುವಾರ ಮುನಿರಾಬಾದ್ ಕಡೆ ಎರಡು. ಮಾರ್ಚ್ ಮೊದಲ ಭಾನುವಾರ ಗಂಗಾವತಿಯ ಹತ್ತಿರ ಒಂದು. ಇನ್ನೊಬ್ಬಳಿಗೆ ಮೂರು ದಿನದ ಹಿಂದೆ ಹೆರಿಗೆಯಾಗಿತ್ತು. ಸಿಸ್ಟರ್ ಕೂಸನ್ನು ನೋಡಿ, ಬಾಣಂತಿಯನ್ನು ಮಾತಾಡಿಸಿ, ನಮೂನೆಯಲ್ಲಿ "ಹೆರಿಗೆ ಆಗಿದೆ, ಅಳೆದಿಲ್ಲ" ಎಂದು ಬರೆದರು. ಪ್ರತಿ ಸಲವೂ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹೊಸ ಅಂಕಿಯನ್ನು ಪಟ್ಟಿಗೆ ಸೇರಿಸಿ, ವ್ಯತ್ಯಾಸದ ಸರಾಸರಿಯನ್ನು ಫೋನಿನ ಕ್ಯಾಲ್ಕುಲೇಟರಿನಲ್ಲಿ ಮತ್ತೆ ತೆಗೆಯುತ್ತಿದ್ದರು. ಅದು ಪ್ರತಿ ಸಲವೂ ಇಳಿಯಿತು.

"ಇಳದ್ರ ಪಾಸ್ ಮಾಡ್ತಾರೇನ್ರಿ ಸರ್?"

"ಏರಿಲ್ಲ ಅನ್ನೂದೂ ಒಂದು ಫಲಿತಾಂಶ," ಎಂದೆ.

"ನೀವು ಹೇಳ್ತೀರಿ. ಪರೀಕ್ಷಾ ಮಾಡಾಕ ಬರಾವ್ರು ನೀವಲ್ಲಲ್ರಿ."

ಮಾರ್ಚ್ ಎರಡನೇ ಭಾನುವಾರ ಗಂಗಾವತಿಯಲ್ಲಿ ಬಸ್ ಬದಲಿಸಿ ವಿರೂಪಾಪುರಗಡ್ಡೆಗೆ ಹೋದೆವು. ಬಸ್ ಇಳಿದ ಮೇಲೆ ಗದ್ದೆಯ ಬದುವಿನ ಮೇಲೆ ಸ್ವಲ್ಪ ನಡೆಯಬೇಕಿತ್ತು. ಭತ್ತಕ್ಕೆ ನೀರು ಬಿಟ್ಟಿದ್ದರು. ಮನೆಯ ಮುಂದೆ ಒಬ್ಬ ಹೆಂಗಸು ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಹುಡುಗಿಯ ತಾಯಿ. ಸಿಸ್ಟರ್ ಯಲಬುರ್ಗಾ ಕಡೆಯ ಆ ಊರಿನ ಹೆಸರು ಹೇಳಿ, ನಿಮ್ಮ ಮಗಳನ್ನು ನೋಡಲು ಬಂದೆವು ಎಂದರು.

"ಆಕಿ ಹೋದ್ಲವಾ," ಎಂದಳು ತಾಯಿ.

ಅವಳು ಹೇಳಿದ್ದನ್ನು ಹೇಳಿದ ಕ್ರಮದಲ್ಲಿಯೇ ಬರೆದುಕೊಂಡಿದ್ದೇನೆ. ದಿನ ತುಂಬುವ ಮೊದಲೇ ನೋವು ಬಂತು. ಗಾಡಿ ಬಂತು. ಆಸ್ಪತ್ರೆಯಲ್ಲಿ ಹೆರಿಗೆ ಆಯಿತು, ಹೆಣ್ಣು. ಆಮೇಲೆ ರಕ್ತ ನಿಲ್ಲಲಿಲ್ಲ. ಮೈಯಲ್ಲಿ ಮೊದಲೇ ರಕ್ತ ಇರಲಿಲ್ಲ ಎಂದು ಡಾಕ್ಟರ್ ಹೇಳಿದರು. ಎರಡು ಬಾಟಲಿ ಏರಿಸಿದರು.

"ಎಷ್ಟು ದಿವಸ ಆತ್ರಿ?" ಎಂದು ಸಿಸ್ಟರ್ ಕೇಳಿದರು.

"ಇವತ್ತಿಗೆ ಒಂಬತ್ತು."

ಹಿಂದಕ್ಕೆ ಎಣಿಸಿದೆ. ನಮ್ಮ ಎರಡನೇ ಮತ್ತು ಮೂರನೇ ಭಾನುವಾರಗಳ ನಡುವಿನ ಶುಕ್ರವಾರ.

ಸಿಸ್ಟರ್ ಕೆಳಗೆ ಕೂತು ಕೂಸನ್ನು ಎತ್ತಿಕೊಂಡರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಕ್ಕುಳು ನೋಡಿದರು, ಹಾಲು ಯಾರದು ಎಂದು ಕೇಳಿದರು. ಡಬ್ಬಿ ಹಾಲು ಎಂದಳು ತಾಯಿ. ಅದನ್ನು ಹೇಗೆ ಕಲಸಬೇಕು, ನೀರು ಎಷ್ಟು ಕುದಿಸಬೇಕು ಎಂದು ಸಿಸ್ಟರ್ ಎರಡು ಸಲ ಹೇಳಿದರು. ಎರಡನೇ ಸಲ ಅವಳಿಂದಲೇ ಹೇಳಿಸಿದರು. ಅವರ ದನಿಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ನಾನು ನಿಂತಿದ್ದೆ.

ತಾಯಿ ಮೀಟರಿನ ಚೀಲವನ್ನು ನೋಡಿದಳು. "ರಕ್ತ ನೋಡಾಕ ಬಂದಿದ್ರೇನ್ರಿ?"

"ಹೂನ್ರಿ."

"ಇಷ್ಟು ದೂರ ಬಂದೀರಿ." ಒಳಗೆ ತಿರುಗಿ ಕರೆದಳು. ಇಪ್ಪತ್ತು ವರ್ಷದ ಒಬ್ಬ ಹುಡುಗಿ ಬಾಗಿಲಿಗೆ ಬಂದಳು. "ನನ್ನ ಸೊಸಿ. ಈಕಿಗೂ ಈಗ ಮೂರು ತಿಂಗಳು. ಈಕಿದು ನೋಡಿ ಬರಕೊಂಡು ಹೋಗ್ರಿ. ಬರೆ ಕೈಲೆ ಯಾಕ ಹೊಕ್ಕೀರಿ?"

ಸಿಸ್ಟರ್ ಹುಡುಗಿಯನ್ನು ಕೂಡಿಸಿ ಬೆರಳಿಗೆ ಚುಚ್ಚಿದರು. ಒಂಬತ್ತು ಪಾಯಿಂಟ್ ಎರಡು. ಅದನ್ನು ನಮೂನೆಯಲ್ಲಿ ಬರೆಯಲಿಲ್ಲ. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಅಂಕಿ ಮತ್ತು ದಿನಾಂಕ ಬರೆದು, ಹುಡುಗಿಯ ಹೆಸರು ಕೇಳಿ, ಅದನ್ನು ಎಲ್ಲಕ್ಕಿಂತ ಮೇಲೆ ಬರೆದರು. "ನಾಳೆ ಬೆಳಿಗ್ಗೆ ದವಾಖಾನಿಗೆ ಹೋಗಿ ಇದನ್ನ ತೋರಸಬೇಕು. ನಾಡಿದ್ದಲ್ಲ, ನಾಳೆ," ಎಂದು ಅವಳ ಕೈಗೆ ಕೊಟ್ಟರು. ಆಶಾ ಕಾರ್ಯಕರ್ತೆಗೆ ಅಲ್ಲಿಂದಲೇ ಫೋನ್ ಮಾಡಿ, ಯಾವ ಹೊತ್ತಿಗೆ ಕರೆದುಕೊಂಡು ಹೋಗುತ್ತೀ ಎಂದು ಕೇಳಿ, ಉತ್ತರ ಬಂದ ಮೇಲೆ ಎದ್ದರು.

ಹೊರಡುವಾಗ ತಾಯಿ ಕುಡಿಯಲು ನೀರು ಕೊಟ್ಟಳು. ಇಬ್ಬರೂ ಕುಡಿದೆವು.

ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಸಿಸ್ಟರ್ ಸ್ಪಿರಿಟ್ಟಿನ ಹತ್ತಿಯಿಂದ ಮೀಟರನ್ನು ಒರೆಸಿದರು, ಮುಚ್ಚಿದರು, ಮತ್ತೆ ತೆಗೆದು ಒರೆಸಿದರು. ಗಂಗಾವತಿಯ ನಿಲ್ದಾಣದಲ್ಲಿ ಕೊಪ್ಪಳದ ಬಸ್ ಹತ್ತಿದ ಮೇಲೆ ಒಂದು ಮಾತು ಹೇಳಿದರು: "ಜನವರಿ ಕಾಲಂದಾಗ ಆಕಿದು ಹತ್ತು ಪಾಯಿಂಟ್ ಒಂಬತ್ತು ಅಂತ ಬರದೀನ್ರಿ ಸರ್." ಅಂದು ಅವರು ಸರಾಸರಿ ತೆಗೆಯಲಿಲ್ಲ.

ಮಂಗಳವಾರ ತರಗತಿ ಇತ್ತು. ಹುಡುಗಿಯರು ಹತ್ತೊಂಬತ್ತು ಸಿಕ್ಕಿತೇ ಎಂದು ಕೇಳಿದರು. ಸಿಸ್ಟರ್ ನಡೆದದ್ದನ್ನು ನಾಲ್ಕು ವಾಕ್ಯದಲ್ಲಿ ಹೇಳಿದರು. ಫೆಬ್ರವರಿಯಲ್ಲಿ ಹಲಗೆಯಿಂದ ಬರೆದುಕೊಂಡಿದ್ದ ಉದಾಹರಣೆಯನ್ನು ಹೊಡೆದುಹಾಕಲು ನಾನು ಹೇಳಿದೆ. ಹಾಳೆ ತಿರುವುವ ಸದ್ದು ಕೇಳಿತು. ಆಮೇಲೆ ಅಂದಿನ ಪಾಠ, ಕಾಣೆಯಾದ ಅಂಕಿಗಳನ್ನು ಏನು ಮಾಡಬೇಕು ಎಂಬುದನ್ನು, ನಿಗದಿಯಂತೆ ಮಾಡಿದೆ. ಕಾಣೆಯಾಗುವುದಕ್ಕೂ ಅಳೆಯುತ್ತಿರುವ ವಿಷಯಕ್ಕೂ ಸಂಬಂಧವಿದ್ದರೆ ಆ ಸಾಲನ್ನು ಸುಮ್ಮನೆ ತೆಗೆದುಹಾಕುವಂತಿಲ್ಲ.

ಪ್ರಬಂಧದ ಮಾರ್ಗದರ್ಶಕಿ ಕಾಲೇಜಿನ ಹಿರಿಯ ಪ್ರಾಧ್ಯಾಪಕಿ. ಕರಡನ್ನು ನೋಡಿ, ಸಿಸ್ಟರ್ ಅವರ ಒಳಿತಿಗಾಗಿಯೇ ಹೇಳಿದರು: "ಇಪ್ಪತ್ತೆರಡು ಜೋಡಿ ಸಿಕ್ಕಾವು, ಇಬ್ಬರು ಸಿಗಲಿಲ್ಲ ಅಂತ ಬರೀರಿ, ಸಾಕು. ಸಾವು ಅಂತ ಬರದ್ರ ಅದನ್ನ ಹಿಡಕೊಂಡು ಕೂಡ್ತಾರ. ಮೇ ತಿಂಗಳದಾಗ ನಿಮಗ ಅದು ಬೇಕೇನ್ರಿ?"

"ಸಿಗಲಿಲ್ಲ ಅಂತ ಹೆಂಗ ಬರೀಲ್ರಿ ಮೇಡಂ? ಮನಿ ಸಿಕ್ಕೇತಿ. ತಾಯಿ ಸಿಕ್ಕಾಳ. ಕೂಸು ಸಿಕ್ಕೇತಿ."

ಮಾರ್ಗದರ್ಶಕಿ ನನ್ನನ್ನು ನೋಡಿದರು. ಸಿಸ್ಟರ್ ಹೇಳುವುದು ಸರಿ ಎಂದೆ. ಭೇಟಿಯ ಕ್ರಮವನ್ನು ಗೊತ್ತುಮಾಡಿದವನು ನಾನು, ಅದೂ ಬರಲಿ ಎಂದೆ. ಅದಕ್ಕೆ ಯಾವ ಅಧ್ಯಾಯದಲ್ಲಿ ಜಾಗವಿದೆ ಎಂದು ಅವರು ಕೇಳಿದರು. ವಿಧಾನದ ಅಧ್ಯಾಯದಲ್ಲಿ ಎಂದೆ.

ಏಪ್ರಿಲ್ ಇಪ್ಪತ್ತೆಂಟರಂದು ಪ್ರಬಂಧ ಸಲ್ಲಿಕೆಯಾಯಿತು. ಇಪ್ಪತ್ತೆರಡು ಜೋಡಿಗಳಲ್ಲಿ ಕಂಡ ಏರಿಕೆ ಸಣ್ಣದು; ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು, ಆದ್ದರಿಂದ ಗೋಡೆಯ ಹಾಳೆಯಿಂದ ಪ್ರಯೋಜನವಾಯಿತು ಎಂದು ಹೇಳಲಾಗದು ಎಂದು ಅದರ ಫಲಿತಾಂಶ. ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಸಾಲುಗಳೂ ಇದ್ದವು. ಹತ್ತೊಂಬತ್ತರ ಎರಡನೇ ಅಳತೆಯ ಜಾಗದಲ್ಲಿ "ಮರಣ" ಎಂದಿತ್ತು. ಏಳು ಸಾಲುಗಳಲ್ಲಿ ಜನವರಿಯಲ್ಲಿ ಬೇರೆಯವರನ್ನು ಅಳೆದದ್ದು, ಅದು ಹೇಗೆ ಆಯಿತು, ಹೇಗೆ ಗೊತ್ತಾಯಿತು, ಯಾವ ಕ್ರಮದಲ್ಲಿ ಮರುಭೇಟಿ ನಡೆಯಿತು ಎಂಬುದು ವಿಧಾನದ ಅಧ್ಯಾಯದಲ್ಲಿ ಒಂದೂವರೆ ಪುಟ.

ಮೇ ಮೂರನೇ ವಾರ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಆ ಒಂದೂವರೆ ಪುಟವನ್ನೇ ತೆರೆದು ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು ಎಂದು ಸಿಸ್ಟರ್ ಹೊರಗೆ ಬಂದು ಹೇಳಿದರು. ಏನು ಕೇಳಿದರು ಎಂದೆ.

"ಕೂಸು ಹೆಂಗೈತಿ ಅಂತ ಕೇಳಿದ್ರು ಸರ್. ಆಮ್ಯಾಲೆ ಬಾಕಿದು."

ಜೂನ್ ಒಂದರಂದು ಅವರು ಯಲಬುರ್ಗಾ ತಾಲ್ಲೂಕಿನ ತಮ್ಮ ಕೇಂದ್ರದಲ್ಲಿ ಹಾಜರಾದರು. ಫಲಿತಾಂಶ ಜುಲೈ ಎರಡನೇ ವಾರ ಬಂತು. ಹದಿನಾರು ಮಂದಿಯಲ್ಲಿ ಹದಿನೈದು ಮಂದಿಯ ಫಲಿತಾಂಶ ಪ್ರಕಟವಾಗಿದೆ. ಸಿಸ್ಟರ್ ಅವರ ನೋಂದಣಿ ಸಂಖ್ಯೆಯ ಮುಂದೆ, ಪ್ರಬಂಧದ ಅಂಕ ಬಂದಿಲ್ಲವೆಂಬ ಕಾರಣಕ್ಕೆ, ತಡೆಹಿಡಿಯಲಾಗಿದೆ ಎಂದಿದೆ. ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಎರಡು ಪತ್ರ ಹೋಗಿವೆ. ಮೊದಲನೆಯದಕ್ಕೆ ಪರಿಶೀಲಿಸುತ್ತೇವೆ ಎಂದಷ್ಟೇ ಉತ್ತರ ಬಂತು. ಎರಡನೆಯದಕ್ಕೆ ಉತ್ತರ ಬಂದಿಲ್ಲ.